ನೆನೆದ ಕಂಬಳಿಯ ತೂಕ

ಬೇಲೂರಿನ ಚೆನ್ನಕೇಶವ ದೇವಾಲಯದ ಬಾಗಿಲ ಬದಿಯಲ್ಲಿ ಸಳ ಶತಮಾನಗಳಿಂದ ಸೆಣಸುತ್ತಲೇ ಇದ್ದಾನೆ. ಆ ಕಥೆ ನಡೆದದ್ದು ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ಆಗಿನ ಸೊಸೆವೂರಿನಲ್ಲಿ ಎನ್ನುತ್ತದೆ ಐತಿಹ್ಯ. ಸುದತ್ತ ಮುನಿ ಪಾಠ ಹೇಳುತ್ತಿದ್ದಾಗ ಹುಲಿ ನುಗ್ಗಿತು. ಗುರು ‘ಹೊಯ್ ಸಳ’ ಎಂದರು. ಶಿಷ್ಯ ಹೊಯ್ದ, ಒಂದು ರಾಜವಂಶಕ್ಕೆ ಹೆಸರು ಬಂತು. ಸೂಪರ್‌ಹೀರೋ ಸಿನಿಮಾದವರು ಒರಿಜಿನ್ ಸ್ಟೋರಿ ಎಂದು ಕರೆಯುವುದು ಇಂಥದ್ದನ್ನೇ. ಹಾಸನ, ಚಿಕ್ಕಮಗಳೂರಿನ ನಮಗೆ ಅದು ಊರ ಬಾಗಿಲಲ್ಲೇ ಕಲ್ಲಾಗಿ ನಿಂತಿದೆ.

ಈಗ ಅದೇ ಕಥೆಯನ್ನು ಹಿಡಿದು ಒಂದೊಂದೇ ಪ್ರಶ್ನೆ ಕೇಳುತ್ತಾ ಹೋಗೋಣ. ಸಳನ ಕೈಯಲ್ಲಿ ಇದ್ದದ್ದು ಏನು, ಬೆತ್ತವೋ ಕಬ್ಬಿಣದ ಸಲಾಕೆಯೋ? ಬೆಳೆದ ಗಂಡು ಹುಲಿ ಸುಮಾರು ಇನ್ನೂರು ಕಿಲೋ ತೂಗುತ್ತದೆ. ಅದು ಮೈಮೇಲೆ ಬಿದ್ದಾಗ ಹುಡುಗನ ಪಕ್ಕೆಲುಬು ಏನಾಯಿತು? ಉಳಿದ ಶಿಷ್ಯರು ಎಲ್ಲಿಗೆ ಓಡಿದರು, ಓಡಿದವರು ಆಮೇಲೆ ಅವನ ಮುಖ ನೋಡಿ ಮಾತಾಡಿದರೇ? ಆ ರಾತ್ರಿ ಊಟಕ್ಕೆ ಕೂತಾಗ ಅವನ ಕೈ ನಡುಗುತ್ತಿತ್ತೇ? ಶಿಲ್ಪಿ ಇದಕ್ಕೆಲ್ಲ ಉತ್ತರ ಕೊಡಬೇಕಿಲ್ಲ. ಸಿನಿಮಾ ಕೊಡಬೇಕು. ಹಳೆಯ ಹೀರೋನ ಕಥೆಯನ್ನು ಮೊದಲಿಂದ ಕಟ್ಟುವ ರೀಬೂಟ್ ನೈಜವಾಗುವುದು ಈ ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರ ಹುಡುಕಿದಾಗ.

ಹಾಲಿವುಡ್ಡಿಗೆ ಈ ಪಾಠ ಕಲಿಸಿದ್ದು ಬ್ಯಾಟ್‌ಮನ್. 1997ರ ಚಿತ್ರದಲ್ಲಿ ಬಣ್ಣದ ದೀಪ, ಪ್ಲಾಸ್ಟಿಕ್ ಮಂಜು, ಮಾತುಮಾತಿಗೆ ಚಟಾಕಿ ತುಂಬಿದ್ದವು. ಜನ ಅದನ್ನು ಒಪ್ಪಲಿಲ್ಲ, ಮುಂದಿನ ಭಾಗದ ಯೋಜನೆ ನಿಂತುಹೋಯಿತು. ಎಂಟು ವರ್ಷ ಬಿಟ್ಟು, 2005ರಲ್ಲಿ ಕ್ರಿಸ್ಟೋಫರ್ ನೋಲನ್ ‘ಬ್ಯಾಟ್‌ಮನ್ ಬಿಗಿನ್ಸ್’ ತಂದರು. ಅದರ ಚಿತ್ರಕಥೆಯನ್ನು ಕೈಯಲ್ಲಿ ಪೆನ್ನು ಹಿಡಿದು ನೋಡಬೇಕು. ಹೀರೋ ಪೂರ್ತಿ ವೇಷದಲ್ಲಿ ತೆರೆಗೆ ಬರುವ ಹೊತ್ತಿಗೆ ಸುಮಾರು ಒಂದು ಗಂಟೆ ಕಳೆದಿರುತ್ತದೆ. ಆ ಒಂದು ಗಂಟೆ ಸುಮ್ಮನೆ ಹೋಗುವುದಿಲ್ಲ, ಸರಕು ಹೊಂದಿಸುವುದರಲ್ಲಿ ಹೋಗುತ್ತದೆ. ರಕ್ಷಾಕವಚ ಎಲ್ಲಿಂದ ಬಂತು, ಯಾವ ಉಗ್ರಾಣದಲ್ಲಿ ಧೂಳು ಹಿಡಿದು ಬಿದ್ದಿತ್ತು, ಲೆಕ್ಕದ ಪುಸ್ತಕದಲ್ಲಿ ಅದನ್ನು ಹೇಗೆ ಮುಚ್ಚಿಟ್ಟರು ಎಂಬುದೆಲ್ಲ ಇದೆ. ಮುಖವಾಡವನ್ನು ಒಂದೇ ಒಂದು ಮಾಡಿಸಿದರೆ ಯಾರಿಗಾದರೂ ಅನುಮಾನ ಬರುತ್ತದೆ. ಹಾಗಾಗಿ ಬೇನಾಮಿ ಕಂಪನಿಗಳ ಹೆಸರಲ್ಲಿ, ಭಾಗಭಾಗವಾಗಿ, ಹತ್ತು ಸಾವಿರದ ಆರ್ಡರ್ ಕೊಡುತ್ತಾರೆ. ಬಂದ ಮೊದಲ ಸರಕು ಬಡಿದರೆ ಬಿರುಕು ಬಿಡುತ್ತದೆ! ಇಡೀ ಚಿತ್ರದಲ್ಲಿ ನಮ್ಮ ಹುಡುಗರು ಕಲಿಯಬೇಕಾದ ದೃಶ್ಯ ಒಂದಿದ್ದರೆ ಅದು ಇದೇ. ಆರ್ಡರ್ ಕೆಟ್ಟುಬಂದ ಮುಖವಾಡವನ್ನು ನೋಡಿದ ಪ್ರೇಕ್ಷಕ ಮುಂದೆ ಅದೇ ಮುಖವಾಡ ಕಟ್ಟಡದಿಂದ ಹಾರಿದರೂ ನಂಬುತ್ತಾನೆ.

2008ರ ‘ದಿ ಡಾರ್ಕ್ ನೈಟ್’ ಇನ್ನೂ ಮುಂದೆ ಹೋಯಿತು. ಹಳೆಯ ವೇಷದಲ್ಲಿ ಮುಖವಾಡ, ಕತ್ತು, ಭುಜ ಒಂದೇ ಅಚ್ಚು. ನಟನಿಗೆ ತಲೆ ತಿರುಗಿಸಲು ಬರುತ್ತಿರಲಿಲ್ಲ, ಇಡೀ ಮೈ ತಿರುಗಿಸಬೇಕಿತ್ತು. ಹೊಸ ವೇಷವನ್ನು ನೂರಕ್ಕೂ ಹೆಚ್ಚು ಬಿಡಿ ತುಂಡುಗಳಿಂದ ಕಟ್ಟಿದರು, ತಲೆಯನ್ನು ಕತ್ತಿನಿಂದ ಬೇರೆ ಮಾಡಿದರು. ಆಮೇಲೆ ಆ ತೊಂದರೆಯನ್ನೇ ಕಥೆಗೂ ತಂದರು: ಹೀರೋನೇ ತಲೆ ತಿರುಗಿಸುವಂತಿರಬೇಕು ಎಂದು ಕೇಳುತ್ತಾನೆ. ಹಗುರಾಗಿ ಓಡಬಹುದು, ಆದರೆ ತುಂಡುಗಳ ಸಂದಿಯಲ್ಲಿ ಚಾಕು ಇಳಿಯುತ್ತದೆ ಎಂಬ ಎಚ್ಚರಿಕೆ ಜೊತೆಗೇ ಬರುತ್ತದೆ. ಶಕ್ತಿ ಒಂದು ಕಡೆ ಹೆಚ್ಚಿದರೆ ಇನ್ನೊಂದು ಕಡೆ ಕಡಿಮೆಯಾಗಬೇಕು. ಶಿಕಾಗೋದ ಲಾಸಾಲ್ ಬೀದಿಯಲ್ಲಿ ಭಾರೀ ಟ್ರಕ್ಕೊಂದನ್ನು ಕಂಪ್ಯೂಟರಿನಲ್ಲಿ ಮಾಡದೆ ನಿಜವಾಗಿಯೇ ತಲೆಕೆಳಗು ಮಾಡಿದರು. ಸುಮಾರು ಅರ್ಧ ಗಂಟೆಯಷ್ಟು ಭಾಗವನ್ನು ಐಮ್ಯಾಕ್ಸ್ ಕ್ಯಾಮೆರಾದಲ್ಲಿ ತೆಗೆದರು. ಖಳ ಜೋಕರ್ ಆಗಿ ನಟಿಸಿದ ಹೀತ್ ಲೆಡ್ಜರ್‌ಗೆ ಮರಣೋತ್ತರ ಆಸ್ಕರ್ ಬಂತು. ಅತ್ಯುತ್ತಮ ಚಿತ್ರದ ಪಟ್ಟಿಯಲ್ಲಿ ಆ ಚಿತ್ರಕ್ಕೆ ಜಾಗ ಸಿಗಲಿಲ್ಲ. ಮುಂದಿನ ವರ್ಷ ಅಕಾಡೆಮಿ ಆ ಪಟ್ಟಿಯನ್ನು 5ರಿಂದ 10ಕ್ಕೆ ಏರಿಸಿತು, ಅದರ ಹಿಂದೆ ಈ ಅಸಮಾಧಾನವಿತ್ತು ಎಂದು ಇಂದಿಗೂ ಹೇಳುತ್ತಾರೆ. ಸೂಪರ್‌ಹೀರೋ ಚಿತ್ರ ಮಕ್ಕಳ ರಜೆಯ ಸರಕು ಎಂಬ ಮಾತು ಅಲ್ಲಿಗೆ ಮುಗಿಯಿತು.

ಅದರ ಬೆನ್ನಿಗೇ ದೊಡ್ಡ ತಪ್ಪೊಂದು ಹಬ್ಬಿತು. ಕತ್ತಲೆ, ಮಳೆ, ಗಡಸು ದನಿ, ನಗದ ಹೀರೋ ಇದ್ದರೆ ಸಾಕು, ಅದೇ ನೈಜತೆ ಎಂದುಕೊಂಡರು. 2015ರ ‘ಫೆಂಟಾಸ್ಟಿಕ್ ಫೋರ್’ ಹೀಗೆ ಕೆಟ್ಟಿತು. ಆ ನಾಲ್ವರ ಕಥೆಯ ಜೀವ ಇರುವುದು ಒಂದು ಮನೆಯವರಂತೆ ಜಗಳವಾಡುವುದರಲ್ಲಿ, ಹೊಸ ಜಾಗ ನೋಡುವ ಹಂಬಲದಲ್ಲಿ. ಬಣ್ಣ ತೆಗೆದು ಸಪ್ಪೆ ಮಾಡಿದರು, ಮನೆ ಕಟ್ಟುವುದನ್ನು ಮರೆತರು. 2017ರ ‘ಲೋಗನ್’ ಗೆದ್ದ ದಾರಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಗಾಯವೆಲ್ಲ ತಾನೇ ಮಾಯುವ ಹೀರೋ ಅಲ್ಲಿ ಓದಲು ಕನ್ನಡಕ ಹಾಕಿಕೊಳ್ಳುತ್ತಾನೆ. ಆ ಕನ್ನಡಕಕ್ಕೆ ಖರ್ಚು ಏನೂ ಇಲ್ಲ. ಅದು ಮಾಡಿದ ಕೆಲಸವನ್ನು ಕೋಟಿ ರೂಪಾಯಿಯ ಗ್ರಾಫಿಕ್ಸ್ ಮಾಡಲಾರದು. ಆ ಚಿತ್ರಕಥೆ ಆಸ್ಕರ್ ನಾಮನಿರ್ದೇಶನದವರೆಗೆ ಹೋಯಿತು.

ನಮ್ಮ ಪಕ್ಕದ ಮಲಯಾಳದಲ್ಲಿ 2021ರ ‘ಮಿನ್ನಲ್ ಮುರಳಿ’ ಬೇರೆ ದಾರಿ ಹಿಡಿಯಿತು. ಅದು ಕಠೋರ ಚಿತ್ರವೇನಲ್ಲ, ಆದರೆ ಅದರ ಹೀರೋ ದರ್ಜಿ. ‘ವೇಷ ಹೊಲಿದವರು ಯಾರು’ ಎಂಬ ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಸಿಕ್ಕಿದೆ. ಹೀರೋನ ಕಸುಬನ್ನು ಆರಿಸುವಾಗಲೇ ಅರ್ಧ ನೈಜತೆ ತೀರ್ಮಾನವಾಗಿಬಿಡುತ್ತದೆ.

ಹಾಗಾದರೆ ಸಕಲೇಶಪುರದ ಕಡೆಯ ಹೀರೋ ಯಾರು? ಒಂದು ಮಾದರಿಯನ್ನು ಕಟ್ಟಿಯೇ ನೋಡೋಣ. ಅವನು ಲೈನ್‌ಮನ್ ಆಗಿರಲಿ, ಇಲಾಖೆಯ ಭಾಷೆಯಲ್ಲಿ ಪವರ್‌ಮ್ಯಾನ್. ಮಳೆಗಾಲದ ನಡುರಾತ್ರಿಯಲ್ಲಿ ಕಾಫಿ ತೋಟದ ನಡುವೆ ಒಬ್ಬನೇ ಓಡಾಡಲು ಅವನಿಗೆ ಕಾರಣವಿದೆ. ಕಂಬ ಹತ್ತಲು ಬರುತ್ತದೆ. ರಬ್ಬರ್ ಗ್ಲೌಸು, ಕಟಿಂಗ್ ಪ್ಲೇಯರ್, ಸೊಂಟದ ಬೆಲ್ಟು ಮೊದಲಿಂದಲೇ ಇವೆ. ಯಾವ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟಿದೆ, ಯಾವ ಊರು ಕತ್ತಲಲ್ಲಿದೆ ಎಂದು ಎಲ್ಲರಿಗಿಂತ ಮುಂಚೆ ಗೊತ್ತಾಗುವುದು ಅವನಿಗೇ. ಲೈನ್ ಕ್ಲಿಯರ್, ಅಂದರೆ ಆ ಲೈನಿನ ಕರೆಂಟು ತೆಗೆದಿದೆ ಎಂಬ ಖಾತ್ರಿ, ತೆಗೆದುಕೊಳ್ಳದೆ ಕಂಬಕ್ಕೆ ಕೈ ಹಾಕಬಾರದು ಎಂಬ ಶಿಸ್ತು ಅವನ ಮೈಯಲ್ಲಿ ಇಳಿದಿದೆ. ಆ ಶಿಸ್ತನ್ನು ಒಮ್ಮೆ ಅವನೇ ಮುರಿಯುವ ಗಳಿಗೆ ನಿಮ್ಮ ಕ್ಲೈಮ್ಯಾಕ್ಸ್ ಆಗಬಹುದು.

ಶಕ್ತಿ ಒಂದೇ ಕೊಡಿ. ಎರಡು ಕೊಟ್ಟರೆ ಒಂದು ಇನ್ನೊಂದರ ಕಷ್ಟವನ್ನು ತಿಂದುಹಾಕುತ್ತದೆ. ಇಲ್ಲಿ ಹೊಂದುವ ಶಕ್ತಿ ನೆಲದಿಂದಲೇ ಬರುತ್ತದೆ. ಆನೆಗಳು ಮನುಷ್ಯನ ಕಿವಿಗೆ ನಿಲುಕದ, 20 ಹರ್ಟ್ಜ್‌ಗಿಂತ ಕೆಳಗಿನ ದನಿಯಲ್ಲಿ ಕಿಲೋಮೀಟರುಗಟ್ಟಲೆ ದೂರಕ್ಕೆ ಮಾತಾಡಿಕೊಳ್ಳುತ್ತವೆ. ನಾಲ್ಕೈದು ಟನ್ನಿನ ಸಲಗ ತೋಟದಲ್ಲಿ ನಡೆದುಬಂದರೂ ಸದ್ದಿರುವುದಿಲ್ಲ, ಪಾದದ ಅಡಿ ಮೆತ್ತೆಯಂತಿರುತ್ತದೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆಯ ಕಡೆ ಬೆಳಿಗ್ಗೆ ಕೆಲಸಕ್ಕೆ ಹೊರಟವರು ತಿರುವಿನಲ್ಲಿ ಎದುರಾಗಿ ಜೀವ ಕಳೆದುಕೊಳ್ಳುವುದು ಇದೇ ಕಾರಣಕ್ಕೆ. ನಮ್ಮ ಲೈನ್‌ಮನ್‌ಗೆ ಆ ಕೆಳದನಿ ಕೇಳುತ್ತದೆ, ಅಷ್ಟೇ. ಹಾರುವುದಿಲ್ಲ, ಆನೆಯನ್ನು ಎತ್ತುವುದಿಲ್ಲ.

ಇದರ ಬೆಲೆಯೇನು ಎಂದು ತಕ್ಷಣ ಬರೆದಿಡಿ. ಲಾರಿಯ ಎಂಜಿನ್ನಿನಲ್ಲೂ ಕೆಳದನಿ ಇದೆ. ಹೆದ್ದಾರಿಯ ಬದಿಯ ಮನೆಯಲ್ಲಿ ಅವನಿಗೆ ನಿದ್ದೆ ಬರುವುದಿಲ್ಲ. ಗುಡುಗು ಬರುವ ಮೊದಲೇ ತಲೆ ಸಿಡಿಯುತ್ತದೆ. ಹೆಂಡತಿ ಎದುರಿಗೆ ಕೂತು ಮಾತಾಡುತ್ತಿದ್ದರೂ ಅವನ ಗಮನ ಬೇರೆಲ್ಲೋ ಇರುತ್ತದೆ, ಅವಳಿಗೆ ಅದು ಉಪೇಕ್ಷೆಯಾಗಿ ಕಾಣುತ್ತದೆ. ಶಕ್ತಿಯ ಬೆಲೆಯನ್ನು ಶತ್ರುವಿಗಿಂತ ಮೊದಲು ಮನೆಯವರು ತೆರಬೇಕು.

ಇಲ್ಲೊಂದು ಪ್ರಶ್ನೆಯನ್ನು ಊರಿನ ಪ್ರೇಕ್ಷಕ ಕೇಳಿಯೇ ಕೇಳುತ್ತಾನೆ. ಆನೆ ಬಂದಿದೆ ಎಂದು ಅರಣ್ಯ ಇಲಾಖೆಯಿಂದ ಮೊಬೈಲಿಗೆ ಎಚ್ಚರಿಕೆ ಬರುತ್ತದಲ್ಲ, ಈ ಹೀರೋ ಯಾಕೆ ಬೇಕು? ಉತ್ತರ ಅವನ ಕಸುಬಿನಲ್ಲೇ ಇದೆ. ಗಾಳಿಮಳೆಗೆ ಕರೆಂಟು ಹೋಗಿ ಟವರಿನ ಬ್ಯಾಟರಿ ಇಳಿದರೆ ಎಚ್ಚರಿಕೆ ಮನೆ ಮುಟ್ಟುವುದಿಲ್ಲ. ಖಳನೂ ಅಲ್ಲಿಂದಲೇ ಹುಟ್ಟುತ್ತಾನೆ. ಆನೆಯನ್ನು ಖಳ ಮಾಡಬೇಡಿ. ಬೇಲಿಗೆ ನೇರವಾಗಿ ಲೈನಿನಿಂದ ಕರೆಂಟು ಎಳೆಯುವವನನ್ನು ನೋಡಿ. ಸೌರ ಬೇಲಿ ಬಿಟ್ಟುಬಿಟ್ಟು ಬಡಿಯುವ ಕ್ಷಣಿಕ ಹೊಡೆತ, ಪ್ರಾಣಿ ಹೆದರಿ ಹಿಂದೆ ಸರಿಯುತ್ತದೆ. ನೇರ ಲೈನಿನ ಬೇಲಿ ಹಿಡಿದವರನ್ನು ಬಿಡುವುದಿಲ್ಲ, ಆನೆಯಾದರೂ ಸರಿ, ಬೆಳಿಗ್ಗೆ ಸೊಪ್ಪಿಗೆ ಬಂದ ಅಜ್ಜಿಯಾದರೂ ಸರಿ. ಆ ಖಳನಿಗೂ ಒಂದು ನ್ಯಾಯ ಇರಲಿ: ಮೂರು ವರ್ಷ ಸತತವಾಗಿ ಅವನ ಭತ್ತ ತುಳಿದು ಹೋಗಿದೆ. ಪ್ರೇಕ್ಷಕ ಅರ್ಧದಷ್ಟಾದರೂ ಅವನ ಪರ ನಿಲ್ಲದಿದ್ದರೆ ಕಥೆ ಇನ್ನೂ ಬೆಂದಿಲ್ಲ.

ಮುಂದಿನದು ಮೈಯ ಲೆಕ್ಕ. ಒಂಬತ್ತು ಮೀಟರಿನ ಕಂಬದಲ್ಲಿ ಒಂದೂವರೆ ಮೀಟರ್ ನೆಲದೊಳಗಿರುತ್ತದೆ. ಮೇಲಿನ ತಂತಿಯ ಹತ್ತಿರ ಕೆಲಸ ಮಾಡುವವನ ಕಾಲು ನೆಲದಿಂದ ಆರು ಮೀಟರಿನಾಚೆ ಇರುತ್ತದೆ. ಏಳು ಮೀಟರಿನಿಂದ ಬಿದ್ದರೆ ನೆಲ ಮುಟ್ಟುವಾಗ ಗಂಟೆಗೆ ಸುಮಾರು 42 ಕಿಲೋಮೀಟರ್ ವೇಗ. ‘ಹಗ್ಗ ಹಿಡಿದು ಬಚಾವಾದ’ ಎಂದು ಬರೆಯುವುದು ಸುಲಭ. ಆ ವೇಗದ ಮೈಯನ್ನು ಹಗ್ಗ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಲ್ಲಿಸಿದರೆ, ಅವನ ಮೈತೂಕದ ಹನ್ನೆರಡು ಪಟ್ಟಿಗೂ ಹೆಚ್ಚು ಸೆಳೆತ ಬೀಳುತ್ತದೆ. 65 ಕಿಲೋದವನ ಸೊಂಟಕ್ಕೆ ಮುಕ್ಕಾಲು ಟನ್ನಿಗೂ ಮಿಕ್ಕಿದ ಭಾರ, ಬರೀ ಸೊಂಟದ ಬೆಲ್ಟಾದರೆ ಬೆನ್ನುಮೂಳೆ ಹೋಯಿತು. ಆದ್ದರಿಂದ ಬೀಳುವಿಕೆಯನ್ನು ಎರಡು ಮೂರು ಕಡೆ ಮುರಿಯಿರಿ. ಸಿಲ್ವರ್ ಓಕಿನ ಕೊಂಬೆ, ಮೆಣಸಿನ ಬಳ್ಳಿ, ಕೊನೆಗೆ ಕಾಫಿ ಗಿಡ. ಪ್ರತಿಯೊಂದೂ ಸ್ವಲ್ಪ ವೇಗ ತಿನ್ನುತ್ತದೆ, ಪ್ರತಿಯೊಂದೂ ಒಂದು ಗಾಯ ಕೊಡುತ್ತದೆ. ಚಿತ್ರೀಕರಣದಲ್ಲಂತೂ ಉಡುಪಿನೊಳಗೆ ಭುಜ, ಎದೆ, ತೊಡೆಗಳನ್ನು ಹಿಡಿಯುವ ಪೂರ್ತಿ ಹಾರ್ನೆಸ್ ಇಲ್ಲದೆ, ಸ್ಟಂಟ್ ಮಾಸ್ಟರ್ ಇಲ್ಲದೆ, ಯಾರನ್ನೂ ಒಂದು ಅಡಿಯೂ ಎತ್ತಬೇಡಿ. ಸ್ನೇಹಿತರ ತಂಡ, ಕಡಿಮೆ ಬಜೆಟ್ ಎಂಬ ಮಾತು ಇಲ್ಲಿ ಬರಲೇಕೂಡದು.

ಹೊಡೆದಾಟದ ಲೆಕ್ಕವೂ ಹೀಗೇ. ಬರಿಗೈಯಲ್ಲಿ ತಲೆಬುರುಡೆಗೆ ಗುದ್ದಿದವನ ಕಿರುಬೆರಳಿನ ಬುಡದ ಮೂಳೆ ಮುರಿಯುವುದು ಬಹಳ ಸಾಮಾನ್ಯ, ಕೂಡಲು ನಾಲ್ಕರಿಂದ ಆರು ವಾರ ಬೇಕು. ಎಡಗೈ ಮುರಿದ ಲೈನ್‌ಮನ್ ಬೈಕಿನ ಕ್ಲಚ್ ಹಿಡಿಯಲಾರ, ಕಂಬ ಹತ್ತಲಾರ, ರಜೆ ಹಾಕಿದರೆ ಕಾರಣ ಹೇಳಬೇಕು. ಒಂದು ಗುದ್ದಿನಿಂದ ನಿಮಗೆ ಮೂರು ದೃಶ್ಯ ಸಿಕ್ಕಿದವು. ಇನ್ನೊಂದು ನಮ್ಮ ನೆಲದ್ದೇ ಆದ ಗಾಯ ಇದೆ: ರಾತ್ರಿ ತೋಟದಲ್ಲಿ ಓಡಿಬಂದವನು ಗಂಬೂಟು ಕಳಚಿದರೆ ಕಾಲುಚೀಲ ಕೆಂಪಗಾಗಿರುತ್ತದೆ. ಇಂಬಳ (ಜಿಗಣೆ) ಬಿಟ್ಟುಹೋದ ಮೇಲೂ ರಕ್ತ ನಿಲ್ಲುವುದಿಲ್ಲ, ಅದರ ಎಂಜಲು ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಮಲೆನಾಡಿನ ಪ್ರೇಕ್ಷಕ ಆ ಕಾಲುಚೀಲ ನೋಡಿದ ಕೂಡಲೇ ಇದು ನಮ್ಮವನು ಎನ್ನುತ್ತಾನೆ.

ದೂರವನ್ನು ಕದಿಯಬೇಡಿ. ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿಲೋಮೀಟರ್. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಜುಲೈ ರಾತ್ರಿ ಬೈಕು ಗಂಟೆಗೆ ಇಪ್ಪತ್ತೈದು ಮೂವತ್ತರ ಮೇಲೆ ಓಡುವುದಿಲ್ಲ, ಗುಡ್ಡ ಕುಸಿದಿದ್ದರೆ ಅದೂ ಇಲ್ಲ. ಹೀರೋ ತಡವಾಗಿ ಮುಟ್ಟಲಿ. ಒಮ್ಮೆಯಾದರೂ ಅವನು ಹೋಗುವಷ್ಟರಲ್ಲಿ ಎಲ್ಲ ಮುಗಿದಿರಲಿ.

ಈಗ ವೇಷ. ಕೇಪು ಎಂಬುದನ್ನು ನಾವು ಆಮದು ಮಾಡಿಕೊಳ್ಳಬೇಕಿಲ್ಲ, ಮಳೆಗಾಲದಲ್ಲಿ ಗದ್ದೆಗೆ ಹೋಗುವವರು ತಲೆಗೆ ಹಾಕಿಕೊಳ್ಳುವ ಕಂಬಳಿ ಕೊಪ್ಪೆ ಇದೆ. ಮೇಲೆ ಚೂಪು, ಬೆನ್ನ ಮೇಲೆ ಇಳಿಬಿದ್ದ ಅಗಲ, ಮುಖ ನೆರಳಲ್ಲಿ. ಬೆಳಕಿಗೆ ಬೆನ್ನು ಮಾಡಿ ನಿಂತರೆ ಅದಕ್ಕಿಂತ ಗಟ್ಟಿಯಾದ ಆಕಾರ ಇನ್ನೊಂದಿಲ್ಲ. ಆದರೆ ನಿಜವಾದ ಕುರಿ ಉಣ್ಣೆಯ ಕಂಬಳಿ ನೆನೆದರೆ ಬಹಳ ಭಾರ. ಒಣಗಿದ್ದಾಗ ಒಮ್ಮೆ, ತೊಯ್ದು ತೊಟ್ಟಿಕ್ಕುವಾಗ ಒಮ್ಮೆ ತೂಗಿನೋಡಿ, ಆ ಎರಡು ಅಂಕಿಗಳನ್ನು ನಟನಿಗೆ ಹೇಳಿ. ಓಡುವಾಗ ಅದು ಹಾರುವುದಿಲ್ಲ, ತೊಡೆಗೆ ಬಡಿಯುತ್ತದೆ, ಕತ್ತನ್ನು ಹಿಂದಕ್ಕೆ ಎಳೆಯುತ್ತದೆ. ಹಾರಬೇಕು ಎಂದು ತೆಳು ಬಟ್ಟೆಗೆ ಕಪ್ಪು ಬಣ್ಣ ಹಾಕಿಸಿದರೆ ಮೊದಲ ಶಾಟಿನಲ್ಲೇ ಸಿಕ್ಕಿಬೀಳುತ್ತೀರಿ. ಭಾರವನ್ನು ಕಥೆಗೆ ಬಳಸಿ: ಹೊಡೆದಾಟಕ್ಕೆ ಮೊದಲು ಅವನು ಅದನ್ನು ಕಳಚಿ ಬೇಲಿಯ ಮೇಲೆ ಹಾಕಲಿ. ನೆನೆದ ಕಂಬಳಿ ಕರೆಂಟು ತಡೆಯುವುದಿಲ್ಲ, ಇದು ಅವನಿಗೆ ಗೊತ್ತು, ಖಳನಿಗೆ ಗೊತ್ತಿಲ್ಲದಿರಬಹುದು.

ವೇಷವನ್ನು ಹಳೆಯದಾಗಿ ಕಾಣಿಸುವುದೂ ಒಂದು ಕೆಲಸ. ಖಾಕಿ ಅಂಗಿಯ ಮೊಣಕೈ, ಕಾಲರಿನ ಮಡಿಕೆ, ಜೇಬಿನ ಅಂಚನ್ನು ಮರಳುಕಾಗದದಿಂದ ಉಜ್ಜಿ. ಬೆಲ್ಟು ಕೂರುವ ಜಾಗದಲ್ಲಿ ಬಣ್ಣ ಗಾಢವಾಗಿಯೇ ಉಳಿಯಲಿ. ಗಟ್ಟಿ ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ ಹಿಂಡಿ ನೆರಳಲ್ಲಿ ಒಣಗಿಸಿದರೆ ಬೆವರಿನ ಹಳದಿ ಬರುತ್ತದೆ. ಎಲ್ಲರೂ ಮಾಡುವ ತಪ್ಪೆಂದರೆ ಇಡೀ ಬಟ್ಟೆಗೆ ಸಮನಾಗಿ ಕೆಸರು ಬಳಿಯುವುದು. ಕೆಸರು ಮೊಣಕಾಲಿನಿಂದ ಕೆಳಗೆ, ಮತ್ತು ಬೈಕಿನ ಹಿಂದಿನ ಚಕ್ರ ಚಿಮ್ಮಿಸಿದ ಬೆನ್ನಿನ ಗೆರೆಯಲ್ಲಿ ಮಾತ್ರ ಇರುತ್ತದೆ. ಒಂದೇ ಅಂಗಿಯ ಕನಿಷ್ಠ ಐದು ಪ್ರತಿ ಬೇಕು: ಒಗೆದದ್ದು, ಕೊಳೆಯಾದದ್ದು, ಒದ್ದೆಗೆ ಒಂದು, ಹರಿದದ್ದು, ಒಳಗೆ ಹಾರ್ನೆಸ್ ಹಿಡಿಸುವಂತೆ ಒಂದು ಸೈಜು ದೊಡ್ಡದು.

ಕ್ಯಾಮೆರಾ ವಿಷಯಕ್ಕೆ ಬಂದರೆ, ಮಳೆಗೆ ಎದುರಿನಿಂದ ಬೆಳಕು ಹಾಕಿದರೆ ಮಳೆ ಕಾಣುವುದಿಲ್ಲ. ಬೆಳಕು ಹಿಂದಿನಿಂದ ಬರಬೇಕು. ತಿರುವಿನಲ್ಲಿ ನಿಂತ ಜೀಪಿನ ಹೆಡ್‌ಲೈಟೇ ಸಾಕಾಗುತ್ತದೆ, ಕೊಟ್ಟಿಗೆಹಾರದ ಮಂಜಿನಲ್ಲಂತೂ ಒಂದೇ ಹೆಡ್‌ಲೈಟ್ ಇಡೀ ಚೌಕಟ್ಟನ್ನು ತುಂಬುತ್ತದೆ. ನಮ್ಮ ಕರೆಂಟು 50 ಹರ್ಟ್ಜ್, ಟ್ಯೂಬ್‌ಲೈಟು ಬೀದಿದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಸೆಕೆಂಡಿಗೆ 24 ಫ್ರೇಮಿನಲ್ಲಿ ತೆಗೆಯುವಾಗ ಶಟರ್ 1/50 ಸೆಕೆಂಡಿಗೆ ಇಡಿ. ನಿಧಾನ ಚಲನೆ ಬೇಕಾದರೆ 48ರ ಬದಲು 50 ಫ್ರೇಮ್, ಶಟರ್ 1/100. ಇಲ್ಲದಿದ್ದರೆ ಅಂಗಡಿ ಬೀದಿಯ ದೃಶ್ಯದಲ್ಲಿ ಬೆಳಕು ಅಲೆಅಲೆಯಾಗಿ ನಡುಗುತ್ತದೆ, ಡಿಐನಲ್ಲಿ, ಅಂದರೆ ಚಿತ್ರೀಕರಣದ ನಂತರ ಬಣ್ಣ ಬೆಳಕು ತಿದ್ದುವ ಗ್ರೇಡಿಂಗ್ ಹಂತದಲ್ಲಿ, ಸರಿಪಡಿಸಲು ಆಗುವುದು ಅಷ್ಟಕ್ಕಷ್ಟೇ. ಕತ್ತಲು ಬೇಕೆಂದು ಕತ್ತಲಲ್ಲೇ ತೆಗೆಯಬೇಡಿ. ಒಂದು ಸ್ಟಾಪಿನಷ್ಟು ಹೆಚ್ಚು (ಅಂದರೆ ದುಪ್ಪಟ್ಟು) ಬೆಳಕಿನಲ್ಲಿ ತೆಗೆದು ಗ್ರೇಡಿಂಗಿನಲ್ಲಿ ಇಳಿಸಿ, ಕಪ್ಪು ಶುದ್ಧವಾಗಿ ಉಳಿಯುತ್ತದೆ. ಎಸಿ ಕಾರಿನಿಂದ ನೇರವಾಗಿ ಹೊರಗೆ ತಂದ ಲೆನ್ಸಿನ ಮೇಲೆ ಹಬೆ ಕೂರುತ್ತದೆ, ಅರ್ಧ ಗಂಟೆ ಮುಂಚೆ ಪೆಟ್ಟಿಗೆ ಹೊರಗಿಡಿ.

ಆನೆಯನ್ನು ಚಿತ್ರಿಸಲು ಹೋಗಬೇಡಿ, ಡ್ರೋನ್ ಹಾರಿಸಿ ಹಿಂಡನ್ನು ಕೆಣಕಬೇಡಿ. ಮುರಿದ ಬೈನೆ ಮರ, ತುಳಿದ ಹಲಸು, ಹೆಜ್ಜೆಗುಂಡಿಯಲ್ಲಿ ತುಂಬಿದ ನೀರು ಸಾಕು. ಅರಣ್ಯದೊಳಗೆ ಅರಣ್ಯ ಇಲಾಖೆಯ, ಬೇಲೂರು ಹಳೇಬೀಡಿನಂಥ ಸ್ಮಾರಕಗಳಲ್ಲಿ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಬೇಕು, ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಿ.

ಎಲ್ಲಕ್ಕಿಂತ ಸೂಕ್ಷ್ಮ ಕೆಲಸ ಸೌಂಡಿನದು. ಹೀರೋಗೆ ಕೇಳುವ ದನಿ ಪ್ರೇಕ್ಷಕನಿಗೆ ಕೇಳುವುದೇ ಇಲ್ಲ ಎನ್ನುವುದು ನಮ್ಮ ಕಥೆಯ ತಳಹದಿ. ಚಿತ್ರಮಂದಿರದ ಸಬ್‌ವೂಫರ್ 30 ಹರ್ಟ್ಜ್ ಸುತ್ತ ಸೀಟು ನಡುಗಿಸಬಲ್ಲದು. ಅದೇ ಚಿತ್ರವನ್ನು ಮೊಬೈಲಿನಲ್ಲಿ ನೋಡುವವನಿಗೆ ಆ ದನಿ ಪೂರ್ತಿ ಮಾಯ, ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನದನ್ನು ನುಡಿಸಲು ಬರುವುದಿಲ್ಲ. ಹಾಗಾಗಿ ಕೆಳದನಿಯ ಮೇಲೆ ನೂರೈವತ್ತು ಇನ್ನೂರು ಹರ್ಟ್ಜ್‌ನ ಮೆಲುವಾದ ಇನ್ನೊಂದು ಪದರ ಹಾಕಿ. ಅದಕ್ಕಿಂತ ಒಳ್ಳೆಯದು, ಆ ದನಿ ಮುಟ್ಟಿದ ವಸ್ತುಗಳನ್ನು ಕೇಳಿಸಿ. ಗೂಡಿನಲ್ಲಿಟ್ಟ ಸ್ಟೀಲ್ ಲೋಟ ಪಕ್ಕದ ಲೋಟಕ್ಕೆ ತಾಗಿ ಸಣ್ಣಗೆ ಟಿಣಿಟಿಣಿ ಎನ್ನುತ್ತದೆ. ಹಂಡೆಯ ನೀರಿನ ಮೇಲೆ ಉಂಗುರ ಏಳುತ್ತದೆ. ಜೀರುಂಡೆಗಳು ಒಮ್ಮೆಲೇ ನಿಲ್ಲುತ್ತವೆ. ಮೊದಲ ಸಲ ಈ ಮೂರನ್ನೂ ತೋರಿಸಿ, ಎರಡನೇ ಸಲ ಲೋಟ ಮಾತ್ರ. ಮೂರನೇ ಸಲ ಏನೂ ಬೇಡ, ಅವನು ಊಟದ ನಡುವೆ ತುತ್ತು ನಿಲ್ಲಿಸಿದರೆ ಸಾಕು, ಇಡೀ ಚಿತ್ರಮಂದಿರ ಉಸಿರು ಹಿಡಿಯುತ್ತದೆ. ಇಲ್ಲಿ ಎಂಟ್ರಿ ಸಾಂಗಾಗಲಿ ಬಿಲ್ಡಪ್ ಮ್ಯೂಸಿಕ್ಕಾಗಲಿ ಬೇಡ. ಅಂಥ ಎಂಟ್ರಿಗೆ ಒಗ್ಗಿದ ನಮ್ಮ ಪ್ರೇಕ್ಷಕ ಇದನ್ನು ಒಪ್ಪುತ್ತಾನೆಯೇ ಎಂಬ ಭಯ ನಿರ್ಮಾಪಕರಿಗೆ ಇದ್ದೇ ಇರುತ್ತದೆ. ಮೂರು ಸಲ ಕಟ್ಟಿದ ಆ ಕಾತರ ಯಾವ ಎಂಟ್ರಿ ಸಾಂಗಿಗೂ ಕಡಿಮೆಯದಲ್ಲ.

ಕಂಬಳಿಗೆ ಮತ್ತೆ ಬರಬೇಕು. ಜುಲೈನಲ್ಲಿ ನೆನೆದ ಕಂಬಳಿ ಎರಡು ದಿನವಾದರೂ ಒಣಗುವುದಿಲ್ಲ, ಒಂದನ್ನೇ ನಂಬಿದರೆ ಶೂಟಿಂಗ್ ನಿಲ್ಲುತ್ತದೆ. ಒಂದೇ ಮಗ್ಗದ ಮೂರು ತನ್ನಿ, ಅಂಚಿನ ಒಳಬದಿಯಲ್ಲಿ ಬೇರೆಬೇರೆ ಬಣ್ಣದ ದಾರದ ಗುರುತು ಹಾಕಿ, ಯಾವ ದೃಶ್ಯಕ್ಕೆ ಯಾವುದು ಎಂದು ಕಂಟಿನ್ಯುಟಿ ಪುಸ್ತಕದಲ್ಲಿ ಬರೆಯಿರಿ. ಮಲೆನಾಡಿನ ಮನೆಗಳಲ್ಲಿ ಇದನ್ನು ಒಣಗಿಸುವ ಜಾಗ ಒಂದೇ, ಬಚ್ಚಲು ಒಲೆಯ ಮೇಲಿನ ಗಳ. ಅವನ ಗುಟ್ಟು ಹೊರಬೀಳುವುದೂ ಅಲ್ಲಿಯೇ ಆಗಲಿ. ‘ರಾತ್ರಿ ಎಲ್ಲಿಗ್ ಹೋಗಿದ್ದೆ ಮಗಾ?’ ‘ಟಿಸಿ ಸುಟ್ಟಿತ್ತು ಅವ್ವ.’ ‘ಕರೆಂಟು ಹೋಗೇ ಇರ್ಲಿಲ್ವಲ್ಲ.’ ಇಷ್ಟು ಹೇಳಿ ಆಕೆ ಕಂಬಳಿಯನ್ನು ಗಳದ ಮೇಲೆ ಮಗ್ಗುಲು ಬದಲಿಸಿ ಹಾಕುತ್ತಾಳೆ, ಒದ್ದೆ ಇರುವ ಬದಿ ಒಲೆಯ ಕಡೆಗೆ. ಈ ಶಾಟಿಗೆ ಸ್ಪ್ರೇ ಹೊಡೆದ ಕಂಬಳಿ ಬೇಡ, ನಿಜವಾಗಿ ತೊಯ್ದದ್ದೇ ಬೇಕು. ಒಲೆ ಚೆನ್ನಾಗಿ ಉರಿಯುತ್ತಿದ್ದರೆ ಸ್ವಲ್ಪ ಹೊತ್ತಿಗೆ ಉಣ್ಣೆಯಿಂದ ಹಬೆ ಏಳತೊಡಗುತ್ತದೆ, ಆ ಹಬೆ ಕ್ಯಾಮೆರಾಗೆ ಸಿಗಬೇಕಾದರೆ ಆಕೆಯ ಹಿಂದಿನ ಗವಾಕ್ಷಿಯಿಂದ ಬೆಳಗಿನ ಬೆಳಕು ಬರುವ ಹೊತ್ತಿಗೇ ಯೂನಿಟ್ ಸಿದ್ಧವಾಗಿರಬೇಕು.